ಹೊಸ ಕಾರ್ಬುರೇಟರ್ ಅಂತ ನನ್ನದನ್ನೇ ನನಗೆ ಮಾರಿದ!

ಫಿಯೆಟ್, ಅಂಬಾಸಿಡರ್, ಹಳೇ ಮಾರುತಿ 800 ಇಟ್ಟುಕೊಂಡಿರುವವರು ದಯವಿಟ್ಟು ಓದಿ. ಸೈಲೆನ್ಸರ್‌ನಲ್ಲಿ ಪಟಪಟ, ಢಂ ಅಂತ ಸದ್ದು ಬಂದ ಕೂಡಲೇ "ಕಾರ್ಬುರೇಟರ್ ಹೋಗಿದೆ ಸಾರ್" ಅನ್ನುವವನ ಕೈಗೆ ಗಾಡಿ ಕೊಡಬೇಡಿ. ಕಾರ್ಬುರೇಟರ್ ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ.

ನಮ್ಮದು ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಇಂಜಿನ್, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್, ಕೈಯಲ್ಲಿ ಎಳೆಯುವ ಚೋಕ್. ಆಕ್ಸಿಲರೇಟರ್ ಒತ್ತಿದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಕಾಲು ತೆಗೆದರೆ ಸಾಕು, ಹಿಂದೆ ಢಂ. ಚಾಮುಂಡಿ ಬೆಟ್ಟದಿಂದ ಸೆಕೆಂಡ್ ಗೇರಿನಲ್ಲಿ ಇಳಿಯುವಾಗಂತೂ ತಿರುವಿಗೊಂದು ಢಂ. ಹಿಂದಿನ ಸೀಟಿನಲ್ಲಿ ಬೀಗರು! ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಅವಮಾನ.

ಗ್ಯಾರೇಜಿನವನು ಬಾನೆಟ್ ಎತ್ತುವ ಮೊದಲೇ ನಕ್ಕ. "ಹುಡುಗ್ರು ದುಡ್ಡು ಕೊಟ್ಟು ಈ ಸೌಂಡ್ ಮಾಡಿಸ್ಕೋತಾರೆ, ನಿಮಗೆ ಫ್ರೀ ಬಂದಿದೆ." ಆಮೇಲೆ ಪಟ್ಟಿ ಶುರು. ಪಾಯಿಂಟು, ಕಂಡೆನ್ಸರು, ಪ್ಲಗ್ಗು. ಎಲ್ಲ ಹೊಸದು ಹಾಕಿಸಿದೆ. ಸದ್ದು ಹಾಗೇ ಇತ್ತು. "ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರಕೆ, ಹಳೇ ಕಾರ್ಬುರೇಟರ್ ತಡೆಯಲ್ಲ, ಹೊಸದು ಹಾಕ್ಬೇಕು" ಅಂದ. ಮಾತಲ್ಲಿ ಅರ್ಧ ನಿಜ ಇತ್ತು ನೋಡಿ, ಅದಕ್ಕೇ ನಂಬಿಕೆ ಬಂತು. ಎಥೆನಾಲ್ ಬೆರೆತರೆ ಮಿಕ್ಸ್ಚರ್ ಸ್ವಲ್ಪ ಲೀನ್ ಆಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಹಳೇ ರಬ್ಬರ್ ಭಾಗಗಳೂ ಹಾಳಾಗಬಹುದು. ಆದರೆ ಅವನು ಏನನ್ನೂ ಪರೀಕ್ಷೆ ಮಾಡಿಯೇ ಇರಲಿಲ್ಲ. ಆದರೂ ಹೊಸದು ಹಾಕಿಸಿದೆ, 8,500 ರೂಪಾಯಿ. ಬಿಲ್ ಅಂದರೆ ಒಂದು ಚೀಟಿ, ಅದರಲ್ಲಿ "ಕಾರ್ಬು ಕೆಲಸ" ಅಂತ ಎರಡೇ ಪದ.

ಮನೆಗೆ ತಂದು ಬಾನೆಟ್ ತೆಗೆದೆ. ಕಾರ್ಬುರೇಟರ್ ಫಳಫಳ ಹೊಳೆಯುತ್ತಿತ್ತು. ಚೋಕ್ ವೈರ್ ಹಿಡಿಯುವ ಜಾಗದಲ್ಲಿ ಒಂದು ಹಿತ್ತಾಳೆ ಸ್ಕ್ರೂ. ಆ ಸ್ಕ್ರೂ ಅಪ್ಪ ಹಾಕಿದ್ದು! ಪಕ್ಕದಲ್ಲೇ ಅವರ ಸ್ಕ್ರೂಡ್ರೈವರ್ ಜಾರಿ ಬಿದ್ದ ಗೀರು. ಅದೇ ಗೀರು. ನನ್ನ ಕಾರ್ಬುರೇಟರ್‌ನ್ನೇ ತೊಳೆದು, ಉಜ್ಜಿ, ನನಗೇ ಮಾರಿದ್ದ. ಅಲ್ಲೇ ನಿಂತುಬಿಟ್ಟೆ. ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. "ನಿಮ್ಮ ಗಾಡಿಗೆ ಸರಿ ಹೊಂದಲಿ ಅಂತ ನಿಮ್ಮ ಸ್ಕ್ರೂನೇ ಹಾಕಿದ್ದು ಸಾರ್" ಅಂದ. ಸರಿ, ಗೀರು? "ಹಳೇ ಸ್ಟಾಕ್ ಅಲ್ವಾ, ಗೀರು ಇದ್ದೇ ಇರುತ್ತೆ." ಹಾಗಾದರೆ ನನ್ನ ಹಳೇದು ಎಲ್ಲಿ? "ಗುಜರಿಗೆ ಹೋಯ್ತು." ಸದ್ದು ಇನ್ನೂ ಬರ್ತಿದೆಯಲ್ಲ ಅಂದರೆ, "ಹಂಗಾದ್ರೆ ಇಂಜಿನ್ನೇ ಇಳಿಸ್ಬೇಕು." ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕೂಡ ನೋಡದೆ ಇಂಜಿನ್ ಇಳಿಸಬೇಕಂತೆ!

ಕೊನೆಗೆ ಕಂಡುಹಿಡಿದದ್ದು ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ ಒಬ್ಬರು. ಬೆಳಿಗ್ಗೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒಂದು ಕ್ಷಣ ಒತ್ತಿ ಹಿಡಿದರು. ಮುಂದೆ, ಇಂಜಿನ್‌ನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಪೈಪ್ ಸೇರುವ ಕಡೆ, ಬುಸ್ಸ್ ಅಂತ ಗಾಳಿ. ಸುತ್ತ ಕಪ್ಪು ಮಸಿ. ಆ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೋಗಿತ್ತು. ಕಾಲು ತೆಗೆದಾಗ ಪೂರ್ತಿ ಉರಿಯದ ಪೆಟ್ರೋಲ್ ಪೈಪಿಗೆ ಬರುತ್ತದೆ, ಈ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಬಿಸಿ ಸೈಲೆನ್ಸರ್‌ನಲ್ಲಿ ಎರಡೂ ಸೇರಿ ಹೊತ್ತಿಕೊಳ್ಳುತ್ತವೆ. ಜೊತೆಗೆ ಪಾಯಿಂಟ್ ಬದಲಿಸಿದ ಮಹಾನುಭಾವ ಟೈಮಿಂಗ್ (ಕಿಡಿ ಬರುವ ಸಮಯ) ಸೆಟ್ ಮಾಡದೆ ಬಿಟ್ಟಿದ್ದ. ಕಿಡಿ ತಡವಾದರೆ ಇದು ಇನ್ನೂ ಜಾಸ್ತಿ. ಗ್ಯಾಸ್ಕೆಟ್ ಬೆಲೆ ಕೆಲವು ನೂರು ರೂಪಾಯಿ ಅಷ್ಟೆ. ಗ್ಯಾಸ್ಕೆಟ್ ಹಾಕಿ, ಟೈಮಿಂಗ್, ಐಡ್ಲಿಂಗ್ ಎರಡೂ ಸರಿ ಮಾಡಿದ ಮೇಲೆ ಸದ್ದು ನಿಂತಿತು. ಅದೇ "ಹೋಗಿರುವ" ಕಾರ್ಬುರೇಟರ್‌ನಲ್ಲೇ!

ಆದ್ದರಿಂದ ಮೊದಲು ಲೀಕ್ ನೋಡಿಸಿ, ಆಮೇಲೆ ಟೈಮಿಂಗ್, ಕಾರ್ಬುರೇಟರ್ ಕೊನೆಗೆ. ಬಟ್ಟೆ ಪರೀಕ್ಷೆ ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ, ಆ ಹೊಗೆ ಜೀವಕ್ಕೆ ಅಪಾಯ. ಗಾಡಿ ಬಿಡುವ ಮುಂಚೆ ಬಾನೆಟ್ ಒಳಗಿನದೆಲ್ಲ ಫೋಟೋ ತೆಗೆದುಕೊಳ್ಳಿ. ಬದಲಿಸಿದ ಹಳೇ ಭಾಗ ಕೈಗೆ ಬರುವ ತನಕ ಒಂದು ರೂಪಾಯಿ ಕೊಡಬೇಡಿ. "ಗುಜರಿಗೆ ಹೋಯ್ತು" ಅಂದರೆ ಯಾವ ಗುಜರಿ ಅಂತ ಕೇಳಿ. ನಾನು ಕೇಳಿದ್ದಕ್ಕೇ ಅವನು ಫೋನ್ ಇಟ್ಟದ್ದು.