27 ವರ್ಷದ ಮೇಲೆ ಮತ್ತೆ ರೋಡ್‌ಕಿಂಗ್

ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಮನೆಗೆ ತಂದ ಮೂರನೇ ದಿನ ಮೈಸೂರಿನ ಅಗ್ರಹಾರ ಸರ್ಕಲ್ಲಿನಲ್ಲಿ ಎಂಜಿನ್ ಆಫ್ ಆಯಿತು. ಹಿಂದೆ ಸಿಟಿ ಬಸ್ಸು, ಪಕ್ಕದಲ್ಲಿ ಎರಡು ಆಟೋ. ನಾನು ಗಾಬರಿ ಬೀಳುವ ಮೊದಲೇ ಎಡಗಾಲು ಕೆಲಸ ಶುರು ಮಾಡಿತ್ತು. ಗೇರ್ ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒಂದೇ ಒದೆತ. ಸ್ಟಾರ್ಟ್. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್, ಗೊತ್ತಿಲ್ಲದವರಿಗೆ ಹೇಳಿದ್ದು. ಆ ಖುಷಿಯಲ್ಲಿ ಲಿವರನ್ನು ವಾಪಸ್ ಇಳಿಸುವುದನ್ನು ಮರೆತೆ. ಗೇರ್ ಹಾಕಲು ಕಾಲು ಹುಡುಕುತ್ತದೆ, ಲಿವರ್ ಜಾಗದಲ್ಲಿ ಇಲ್ಲ. ಆಟೋದವರು ನಕ್ಕು, "ಸಾರ್, ಕಿಕ್ಕರ್ ಇಳ್ಸಿ" ಅಂದರು. ಅವರಿಗೂ ಐವತ್ತು ದಾಟಿತ್ತು ಬಿಡಿ.

ಇದು 1992ರ ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್ (ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಹಳೇ ಥರದ ಎಂಜಿನ್), ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ನಮ್ಮೂರ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಮಾಲು. ಅಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿತ್ತು. 1996ರಲ್ಲಿ ಬಾಗಿಲು ಹಾಕಿದರು. ನಾನು 14 ತಿಂಗಳಲ್ಲಿ 6,200 ಕಿಲೋಮೀಟರ್ ಓಡಿಸಿದ್ದೇನೆ. ಹಳೇ ಯೆಜ್ಡಿ ತಗೊಳ್ಳಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಮೊದಲ ರೋಡ್‌ಕಿಂಗ್ 1989ರಲ್ಲಿ ತಗೊಂಡಿದ್ದು, ಅದೂ ಸೆಕೆಂಡ್ ಹ್ಯಾಂಡೇ. ಬ್ಯಾಂಕಿನ ಕೆಲಸ ಸಿಕ್ಕಿ ಎರಡು ವರ್ಷ ಆಗಿತ್ತು. 1997ರಲ್ಲಿ ಸಕಲೇಶಪುರಕ್ಕೆ ವರ್ಗ ಆಯಿತು, ಮಗಳು ಹುಟ್ಟಿದ್ದಳು, ಪೆಟ್ರೋಲ್ ಖರ್ಚು ಕೈ ಕಚ್ಚುತ್ತಿತ್ತು. ಮಾರಿಬಿಟ್ಟೆ. ಆಮೇಲೆ ಬಂದಿದ್ದು ಸ್ಪ್ಲೆಂಡರ್. ಅದು ಹನ್ನೊಂದು ವರ್ಷ ತಕರಾರಿಲ್ಲದೆ ದುಡಿಯಿತು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಇಷ್ಟೇ ಇರುವುದು, ಅದೇ ಅದರ ದೊಡ್ಡತನ. ಬಳ್ಳಾರಿಯಲ್ಲಿದ್ದಾಗ ಪಲ್ಸರ್. ಚಿಕ್ಕಮಗಳೂರಿಗೆ ಬಂದ ಮೇಲೆ ಬುಲೆಟ್, ಘಾಟಿಯಲ್ಲಿ ಅದರ ಗತ್ತೇ ಬೇರೆ. ಕೊನೆಗೆ ಮಗಳ ಮಾತು ಕೇಳಿ ಮುಂದಕ್ಕೆ ಬಗ್ಗಿ ಕೂರುವ ಬೈಕೊಂದನ್ನು ತಗೊಂಡೆ. ಹೆಸರು ಬೇಡ. ಆರು ತಿಂಗಳಿಗೆ ಸೊಂಟದ ಡಾಕ್ಟರ ಪರಿಚಯ ಆಯಿತು.

ಇಷ್ಟೆಲ್ಲ ಗಾಡಿಗಳಲ್ಲಿ ನನಗೆ ಸಿಗದೇ ಇದ್ದಿದ್ದು ಏನು ಅಂತ ಸರಿಯಾಗಿ ಹೇಳುವುದು ಕಷ್ಟ. ಸೌಂಡು ಅಂತ ಎಲ್ಲರೂ ಹೇಳುತ್ತಾರೆ. ಸೌಂಡು ಬುಲೆಟ್ಟಿನಲ್ಲೂ ಇತ್ತಲ್ಲ. ನನಗೆ ಬೇಕಿದ್ದಿದ್ದು ಟೂ ಸ್ಟ್ರೋಕಿನ ಆ ಹಗುರ. ನಿಧಾನಕ್ಕೆ ಹೋಗುವಾಗ ಡಬ್, ಡಬ್‌ಡಬ್, ಡಬ್ ಅಂತ ಲೆಕ್ಕ ತಪ್ಪಿ ಬಡಿದುಕೊಳ್ಳುತ್ತದೆ, ಕೆಮ್ಮುವ ಅಜ್ಜನ ಹಾಗೆ. ಆಕ್ಸಿಲರೇಟರ್ ಕೊಡುತ್ತಾ ಹೋದರೆ ಒಂದು ಹಂತದಲ್ಲಿ ಕೆಮ್ಮು ನಿಂತು, ಇಡೀ ಎಂಜಿನ್ ಒಂದೇ ಎಳೆಯಾಗಿ ಹಾಡಲು ಶುರು ಮಾಡುತ್ತದೆ. ಆ ಬದಲಾವಣೆ ಕಿವಿಗಿಂತ ಮೊದಲು ತೊಡೆಗೆ ಗೊತ್ತಾಗುತ್ತದೆ. ಹುಣಸೂರು ರಸ್ತೆಯಲ್ಲಿ ಬಿಳಿಕೆರೆ ದಾಟಿದ ಮೇಲೆ, ಬೆಳಿಗ್ಗೆ ಆರೂವರೆಗೆ, 55ರಿಂದ 65ರ ನಡುವೆ ಇಟ್ಟುಕೊಂಡು ಹೋಗಿ ನೋಡಿ. 80 ಮುಟ್ಟಿಸಬಹುದು. ಆದರೆ ಕೈ ಜುಮ್ಮೆನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಮೂರು ಲಾರಿಯಾಗಿ ಕಾಣುತ್ತದೆ.

ಕ್ಲಚ್ಚಿನ ವಿಷಯ ಹೇಳಲೇಬೇಕು. ಗೇರ್ ಲಿವರನ್ನು ಕಾಲಿನಲ್ಲಿ ಒತ್ತಿದರೆ ಕ್ಲಚ್ ತಾನಾಗೇ ಬಿಡಿಸಿಕೊಳ್ಳುತ್ತದೆ. ನಿಂತಲ್ಲಿಂದ ಹೊರಡುವಾಗ ಮಾತ್ರ ನಾನು ಕೈಯ ಕ್ಲಚ್ ಹಿಡಿಯುತ್ತೇನೆ. ಮಿಕ್ಕಂತೆ ಆಕ್ಸಿಲರೇಟರ್ ಇಳಿಸಿ ಗೇರ್ ತಟ್ಟಿದರೆ ಸಾಕು. ನನ್ನ ಎಡಗೈ ಬೆರಳುಗಳಲ್ಲಿ ಈಗ ವಾತ. ದೇವರಾಜ ಅರಸು ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಈ ಹಳೇ ತಂತ್ರ ನನ್ನ ಕೈ ಉಳಿಸಿದೆ. ಆಮೇಲೆ ಬಂದ ಗಾಡಿಗಳಲ್ಲಿ ಇದನ್ನು ಯಾಕೆ ಬಿಟ್ಟರೋ ಕಾಣೆ.

ಇನ್ನು ಕೊಂಡ ಕಥೆ. ಮಂಡ್ಯದ ಕಡೆಯ ಒಬ್ಬರ ಹತ್ತಿರ 92 ಸಾವಿರಕ್ಕೆ ತಗೊಂಡೆ. ಹೊಸ ಪೇಂಟು, ಹೊಸ ಸೀಟು, ಟ್ಯಾಂಕಿನ ಮೇಲೆ ಹೊಳೆಯುವ ಗೆರೆ. ನಾನು ಹೋಗುವ ಹೊತ್ತಿಗೆ ಅವರು ಎಂಜಿನ್ ಬಿಸಿ ಮಾಡಿ ಇಟ್ಟಿದ್ದರು. ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಾರನೇ ದಿನ ತಣ್ಣಗಿದ್ದ ಗಾಡಿ ಒದ್ದರೆ ನಮ್ಮ ಬೀದಿ ತುಂಬಾ ಬಿಳಿ ಹೊಗೆ, ಸೊಳ್ಳೆಗೆ ಹೊಗೆ ಹೊಡೆಯುವವರು ಬಂದ ಹಾಗೆ. ಎದುರು ಮನೆಯವರು ಕಿಟಕಿ ಹಾಕಿಕೊಂಡರು.

ಮಂಡಿ ಮೊಹಲ್ಲಾದಲ್ಲಿ ಹಳೇ ಜಾವಾ, ಯೆಜ್ಡಿ ಮಾತ್ರ ಮುಟ್ಟುವ ಮೆಕ್ಯಾನಿಕ್ ಸಾಬರೊಬ್ಬರು ಇದ್ದಾರೆ. ಬರೀ ಹೊಗೆಯ ವಾಸನೆ ನೋಡಿ, "ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಸಾರ್. ಗೇರ್ ಆಯಿಲ್ ಕುಡೀತಾ ಇದೆ" ಅಂದರು. ಬಿಚ್ಚಿ ನೋಡಿದಾಗ ಅದೇ ಆಗಿತ್ತು. ಜೊತೆಗೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿತ್ತು. ಬೋರ್ ಮಾಡಿಸಿ ಹೊಸ ಪಿಸ್ಟನ್, ಕನೆಕ್ಟಿಂಗ್ ರಾಡ್, ಸೀಲು, ಬೇರಿಂಗು, ಪಾಯಿಂಟು (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು), ಕಂಡೆನ್ಸರ್, ಎಲ್ಲ ಸೇರಿ 38 ಸಾವಿರ. ಬಿಡಿ ಭಾಗಗಳು ಸಿಗುತ್ತವೆ, ಆ ಚಿಂತೆ ಬೇಡ. ಸಿಗುವುದರಲ್ಲಿ ಯಾವುದು ಒಳ್ಳೆಯದು ಅನ್ನುವುದು ಮಾತ್ರ ಸಾಬರಂಥವರಿಗೇ ಗೊತ್ತು. ಹಾಗಾಗಿ ಮೊದಲು ಮೆಕ್ಯಾನಿಕ್ ಹುಡುಕಿ, ಆಮೇಲೆ ಗಾಡಿ ಹುಡುಕಿ. ನೋಡಲು ಹೋಗುವಾಗ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಫೋನಿನಲ್ಲೇ ಹೇಳಿ. ಸೈಲೆನ್ಸರ್ ತಣ್ಣಗಿದೆಯಾ ಅಂತ ಹುಷಾರಾಗಿ ಮುಟ್ಟಿ ನೋಡುವುದಕ್ಕೂ ಸಂಕೋಚ ಬೇಡ. ಆರ್‌ಸಿ ಸರಿ ಇದೆಯಾ ನೋಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು.

ಕಳೆದ ಡಿಸೆಂಬರಿನಲ್ಲಿ ಮಡಿಕೇರಿಗೆ ಹೋಗಿದ್ದೆ, ಒಂದು ಕಡೆಗೆ ಸುಮಾರು 120 ಕಿಲೋಮೀಟರ್. ಕುಶಾಲನಗರ ದಾಟಿ ಸುಂಟಿಕೊಪ್ಪದ ಏರು ಶುರುವಾದಾಗ ಮೂರನೇ ಗೇರಿನಲ್ಲಿ ಎಷ್ಟು ಸಲೀಸಾಗಿ ಎಳೆಯಿತು ಅಂದರೆ, ಹೊಸ ಪಿಸ್ಟನ್ನಿಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು. ಇಳಿಯುವಾಗ ಕಥೆ ಬೇರೆ. ಬುಲೆಟ್ಟಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ತೀರಾ ಕಮ್ಮಿ, ಸೈಕಲ್ಲಿನ ಹಾಗೆ ಜಾರುತ್ತದೆ. ಇನ್ನೊಂದು ಅಪಾಯವೂ ಇದೆ. ಈ ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೆ ಇಳಿದರೆ ಪೆಟ್ರೋಲ್ ತೀರಾ ಕಮ್ಮಿ, ಎಣ್ಣೆಯೂ ತೀರಾ ಕಮ್ಮಿ, ಪಿಸ್ಟನ್ ಮಾತ್ರ ಓಡುತ್ತಲೇ ಇರುತ್ತದೆ. ಅದಕ್ಕೇ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಕೊಡಬೇಕು. 1989ರಲ್ಲಿ ನಮ್ಮ ಸೋದರಮಾವ ಬೈದು ಕಲಿಸಿದ್ದು ಇದು. ಹಿಂದೆ ಬರುತ್ತಿದ್ದ ಕಾರಿನ ಹುಡುಗರು ನಾನು ರೇಸಿಗೆ ಕರೆಯುತ್ತಿದ್ದೇನೆ ಅಂತ ತಿಳಿದು ಹಾರ್ನ್ ಹೊಡೆದು ಮುಂದೆ ಹೋದರು.

ಬ್ರೇಕು ಎರಡೂ ಡ್ರಮ್ಮು. ಈಗಿನ ಡಿಸ್ಕ್ ಬ್ರೇಕಿಗೆ ಒಗ್ಗಿದವರು ಮೊದಲ ವಾರ ನಿಧಾನಕ್ಕೆ ಓಡಿಸಿ. ಹೆಡ್‌ಲೈಟು ಇದೆ, ಅಷ್ಟೇ. ಕತ್ತಲಾದ ಮೇಲೆ ಊರಾಚೆ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ಮೈಲೇಜು ಊರೊಳಗೆ 24, ಹೊರಗೆ 29. ಲೀಟರಿಗೆ 40 ಎಂಎಲ್ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೇರೆ. ಬಂಕಿನಲ್ಲಿ ಈಗ ಪೆಟ್ರೋಲಿಗೆ ಆಯಿಲ್ ಬೆರೆಸಿಕೊಡುವ ಪದ್ಧತಿ ನಾನು ಹೋಗುವ ಕಡೆ ಎಲ್ಲೂ ಉಳಿದಿಲ್ಲ. ಆಯಿಲ್ ಬಾಟಲಿ, ಅಳತೆ ಮುಚ್ಚಳ ಸೈಡ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಬಂಕಿನ ಹುಡುಗ ಮೊದಲ ಸಲ ನೋಡಿದಾಗ, "ಅಂಕಲ್, ಪೆಟ್ರೋಲಿಗೆ ಯಾಕೆ ಔಷಧಿ ಹಾಕ್ತೀರಾ?" ಅಂದ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ 20 ಪರ್ಸೆಂಟ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ಹಳೇ ಟ್ಯಾಂಕಿಗೆ, ರಬ್ಬರಿಗೆ ಒಳ್ಳೆಯದಲ್ಲ. ಹದಿನೈದು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಖಾಲಿ ಮಾಡಿಡಿ ಅಂತ ಸಾಬರ ಅಪ್ಪಣೆ. ಪಾಲಿಸುತ್ತಿದ್ದೇನೆ.

ಹೊಸ ಯೆಜ್ಡಿ ಯಾಕೆ ತಗೊಳ್ಳಲಿಲ್ಲ ಅಂತ ಮಗಳು ಕೇಳುತ್ತಾಳೆ. 2022ರಲ್ಲಿ ಆ ಹೆಸರು ವಾಪಸ್ ಬಂತಲ್ಲ. ರೋಡ್‌ಸ್ಟರ್ ಓಡಿಸಿ ನೋಡಿದೆ. 334 ಸಿಸಿ, ಲಿಕ್ವಿಡ್ ಕೂಲಿಂಗ್, ಆರು ಗೇರು, ಚುರುಕಾದ ಗಾಡಿ. ದಿನಾ ಆಫೀಸಿಗೆ ಹೋಗುವವರು ಅದನ್ನೇ ನೋಡಿ. ಆದರೆ ಅದು ಫೋರ್ ಸ್ಟ್ರೋಕ್. ಟ್ಯಾಂಕಿನ ಮೇಲೆ ಹಳೇ ಹೆಸರು ಓದಿಕೊಂಡು ಕೂತವನ ಕಿವಿ ಕೆಮ್ಮಿಗೆ ಕಾಯುತ್ತಿತ್ತು. ಅದು ಆ ಗಾಡಿಯ ತಪ್ಪಲ್ಲ.

ಮನೆಗೆ ಇರುವುದು ಒಂದೇ ಗಾಡಿ ಅಂದರೆ ಹಳೇ ರೋಡ್‌ಕಿಂಗ್ ಖಂಡಿತ ಬೇಡ. ಮಳೆಗಾಲದಲ್ಲಿ ಪಾಯಿಂಟಿಗೆ ನೀರು ಹೋದ ದಿನ ನಾನು ಹೆಂಡತಿಯ ಆಕ್ಟಿವಾದಲ್ಲೇ ಬ್ಯಾಂಕಿಗೆ ಹೋಗಿದ್ದು. ಅವರಿಗೆ ಈ ಗಾಡಿಯ ಮೇಲೆ ಸಿಟ್ಟೇನಿಲ್ಲ. ನಂಜನಗೂಡಿಗೆ ಎರಡು ಸಲ ಹಿಂದೆ ಕೂತು ಬಂದಿದ್ದಾರೆ, ಸೀಟು ಬುಲೆಟ್ಟಿಗಿಂತ ಮೆತ್ತಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಸೀರೆಗೆ ಹೊಗೆ ವಾಸನೆ ಹಿಡಿಯುತ್ತದೆ ಅನ್ನುವುದೊಂದೇ ದೂರು.

ಮೊನ್ನೆಯಿಂದ ಎಳೆತ ಸ್ವಲ್ಪ ಮಂಕಾಗಿದೆ. ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿರಬೇಕು. ಬಿಚ್ಚಿ ಕಾಸ್ಟಿಕ್ ಸೋಡಾ ಹಾಕಿ ತೊಳೆಯುವ ಕೆಲಸ ಈ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ. "ರೀ, ಬಚ್ಚಲಲ್ಲಿ ಮಾತ್ರ ಬೇಡ" ಅಂತ ಈಗಲೇ ಹುಕುಂ ಆಗಿದೆ.