ಟಾಟಾ ಸ್ಕೈ ಟಾಟಾ ಪ್ಲೇ ಆದ ಮೇಲೆ: ಹಳೆಯ ಚಂದಾದಾರರೊಬ್ಬರ ವಿಮರ್ಶೆ

2022ರ ಜನವರಿ ಕೊನೆಯ ವಾರದಲ್ಲಿ ಟಾಟಾ ಸ್ಕೈ ತನ್ನ ಹೆಸರನ್ನು ಟಾಟಾ ಪ್ಲೇ ಎಂದು ಬದಲಾಯಿಸಿಕೊಂಡಿತು. 2006ರ ಆಗಸ್ಟ್‌ನಲ್ಲಿ ಆರಂಭವಾದ ಈ ಡಿಟಿಎಚ್ ಸೇವೆಗೆ ನಮ್ಮ ಮನೆಯವರು ಅದರ ಮೊದಲ ವರ್ಷಗಳಿಂದಲೂ ಚಂದಾದಾರರು. ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಟಿವಿ ಮತ್ತು ಇಂಟರ್ನೆಟ್ ತಂತಿಗಳ ಉಸ್ತುವಾರಿಯೂ ನನ್ನದೇ ಆಗಿರುವುದರಿಂದ, ಹೆಸರು ಬದಲಾದ ಆ ತಿಂಗಳುಗಳಲ್ಲಿ ಅಕ್ಕಪಕ್ಕದ ಮನೆಯವರ ಪ್ರಶ್ನೆಗಳೆಲ್ಲ ನನ್ನ ಬಾಗಿಲಿಗೇ ಬಂದವು. ಅವುಗಳಲ್ಲಿ ಕೆಲವು ಇಂದಿಗೂ ಬರುತ್ತಿವೆ. ಇಷ್ಟು ವರ್ಷಗಳ ಬಳಕೆಯ ಬಲದ ಮೇಲೆ ಅವುಗಳಿಗೆ ಉತ್ತರ ಬರೆಯುವುದೇ ಈ ಸೇವೆಯ ಅತ್ಯಂತ ಉಪಯುಕ್ತ ವಿಮರ್ಶೆಯಾಗುತ್ತದೆ ಎಂದು ನನಗನ್ನಿಸಿದೆ.

ಎಲ್ಲರೂ ಮೊದಲು ಕೇಳಿದ್ದು ಸೆಟ್‌ಟಾಪ್ ಬಾಕ್ಸ್ ಮತ್ತು ಡಿಶ್ ಬದಲಾಯಿಸಬೇಕೇ ಎಂದು. ಬೇಕಿರಲಿಲ್ಲ. ಬಾಕ್ಸು, ಅದರೊಳಗಿನ ಕಾರ್ಡು, ಚಂದಾದಾರ ಸಂಖ್ಯೆ, ಖಾತೆಯಲ್ಲಿ ಉಳಿದಿದ್ದ ಹಣ, ಆಯ್ದುಕೊಂಡಿದ್ದ ಪ್ಯಾಕು ಎಲ್ಲವೂ ಇದ್ದಂತೆಯೇ ಮುಂದುವರಿದವು. ಬದಲಾದದ್ದು ಪರದೆಯ ಮೇಲಿನ ಚಿಹ್ನೆ ಮತ್ತು ಮೊಬೈಲ್ ಆ್ಯಪ್‌ನ ಹೆಸರು ಮಾತ್ರ. ಡಿಶ್ ತಿರುಗಿಸಬೇಕಾಗದಿದ್ದುದಕ್ಕೆ ಕಾರಣ ಆಕಾಶದಲ್ಲಿದೆ. ಈ ಸೇವೆ ಬಳಸುವ ಉಪಗ್ರಹಗಳೆಲ್ಲ ಆಕಾಶದ ಒಂದೇ ಜಾಗದಲ್ಲಿ, ಪೂರ್ವ ರೇಖಾಂಶ 83 ಡಿಗ್ರಿಯಲ್ಲಿವೆ. ಮೊದಲು ಇನ್‌ಸ್ಯಾಟ್-4ಎ ಅಲ್ಲಿತ್ತು, ಬಳಿಕ ಜಿಸ್ಯಾಟ್-10 ಬಂತು. 2022ರ ಜೂನ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್-5 ರಾಕೆಟ್ಟಿನಲ್ಲಿ ಹಾರಿದ ಜಿಸ್ಯಾಟ್-24 ಉಪಗ್ರಹದ ಪೂರ್ಣ ಸಾಮರ್ಥ್ಯವನ್ನು ಟಾಟಾ ಪ್ಲೇ ಗುತ್ತಿಗೆಗೆ ಪಡೆದಿದೆ. ಈ ಉಪಗ್ರಹವನ್ನು ಕಕ್ಷೆಗೆ ಸೇರಿಸಿ ನಿಯಂತ್ರಿಸಿದ್ದು ನಮ್ಮ ಹಾಸನದ ಇಸ್ರೋ ಕೇಂದ್ರ ಎಂಬುದನ್ನು ನೆರೆಮನೆಯ ಹಾಸನದವರಿಗೆ ಹೇಳಿದಾಗ ಅವರಿಗೆ ಆದ ಸಂತೋಷ ನನಗೂ ಆಯಿತು.

ಈ ಉತ್ತರವನ್ನು ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಕಂಪನಿಯ ಹೆಸರು ಬದಲಾದ ಸುದ್ದಿ ಹಬ್ಬಿದ ಕೂಡಲೇ, ನಿಮ್ಮ ಹಳೆಯ ಬಾಕ್ಸ್ ಇನ್ನು ನಡೆಯುವುದಿಲ್ಲ, ದಾಖಲೆ ನವೀಕರಿಸಬೇಕು, ಒಟಿಪಿ ಹೇಳಿ ಎಂದು ಯಾರ್ಯಾರೋ ಫೋನ್ ಮಾಡುವುದುಂಟು. ಹೆಸರು ಬದಲಾವಣೆಗಾಗಿ ಗ್ರಾಹಕರು ಒಟಿಪಿ ಕೊಡಬೇಕಾದ ಪ್ರಸಂಗವೇ ಇಲ್ಲ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಎದುರು ಕುಳಿತು ವಿವರಿಸಬೇಕು. ನಮ್ಮ ಕಟ್ಟಡದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಸೂಚನೆಯನ್ನು ಲಿಫ್ಟಿನ ಪಕ್ಕದಲ್ಲಿ ಅಂಟಿಸಿದೆವು.

ಹೆಸರಿನ ಜೊತೆಗೆ ಬಂದ ನಿಜವಾದ ಪ್ರಯೋಜನಗಳನ್ನೂ ಹೇಳಬೇಕು. ತಂತ್ರಜ್ಞರು ಮನೆಗೆ ಬಂದರೆ ವಿಧಿಸುತ್ತಿದ್ದ 175 ರೂಪಾಯಿ ಶುಲ್ಕವನ್ನು ಕಂಪನಿ ಕೈಬಿಟ್ಟಿತು. ರೀಚಾರ್ಜ್ ಮಾಡದೆ ಸಂಪರ್ಕ ನಿಂತುಹೋಗಿದ್ದವರಿಗೆ ಉಚಿತವಾಗಿ ಮರುಸಂಪರ್ಕ ನೀಡುವುದಾಗಿಯೂ ಘೋಷಿಸಿತು. ಊರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ನಮ್ಮಂಥವರಿಗೆ ಇವೆರಡೂ ಸಣ್ಣ ಸಂಗತಿಗಳಲ್ಲ. ಒಟಿಟಿ ವೇದಿಕೆಗಳನ್ನು ಒಟ್ಟುಗೂಡಿಸುವ ಬಿಂಜ್ ಪ್ಯಾಕುಗಳಿಗೆ ಅದೇ ಹೊತ್ತಿನಲ್ಲಿ ನೆಟ್‌ಫ್ಲಿಕ್ಸ್ ಸೇರಿತು. ನಮ್ಮ ಮನೆಯಲ್ಲಿ ಅದನ್ನು ಹೆಚ್ಚು ನೋಡುವವರಿಲ್ಲ, ಹಾಗಾಗಿ ಅದರ ಬಗ್ಗೆ ತೀರ್ಪು ಕೊಡಲಾರೆ.

ಹೆಸರು ಬದಲಾದದ್ದರಿಂದ ದರ ಏರಿತೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ತಿಂಗಳ ಮೊತ್ತದಲ್ಲಿ ಏರುಪೇರು ಕಂಡವರು ಅದನ್ನು ಹೊಸ ಹೆಸರಿನ ಲೆಕ್ಕಕ್ಕೆ ಹಾಕುತ್ತಾರೆ. ಆದರೆ ಅದರ ಬೇರು ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮಗಳಲ್ಲಿದೆ. 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ವ್ಯವಸ್ಥೆಯ ಪ್ರಕಾರ ಮೊದಲ 100 ವಾಹಿನಿಗಳಿಗೆ ಜಾಲಬಳಕೆಯ ಶುಲ್ಕ, ಅಂದರೆ ವಾಹಿನಿಗಳನ್ನು ಮನೆಗೆ ತಲುಪಿಸುವುದಕ್ಕೆ ಕಂಪನಿ ಪಡೆಯುವ ಹಣ, ಗರಿಷ್ಠ 130 ರೂಪಾಯಿ, ಶೇ 18ರಷ್ಟು ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ಆಗಿತ್ತು. 2020ರ ತಿದ್ದುಪಡಿಯಲ್ಲಿ ಅದೇ ಹಣಕ್ಕೆ 200 ವಾಹಿನಿಗಳು ದೊರೆಯುವಂತಾಯಿತು, ಒಂದೇ ಮನೆಯ ಎರಡನೇ ಟಿವಿಗೆ ಈ ಶುಲ್ಕದ ಶೇ 40ಕ್ಕಿಂತ ಹೆಚ್ಚು ಕೇಳಬಾರದೆಂದಾಯಿತು. 2024ರ ಜುಲೈನಲ್ಲಿ ಟ್ರಾಯ್ ಈ ಶುಲ್ಕದ ಮಿತಿಯನ್ನೇ ತೆಗೆದುಹಾಕಿತು. ಇದರ ಮೇಲೆ ಪ್ರತಿ ವಾಹಿನಿಗೂ ಪ್ರಸಾರ ಸಂಸ್ಥೆ ಪ್ರಕಟಿಸಿದ ಗರಿಷ್ಠ ಬೆಲೆಯಿದೆ. ಡಿಟಿಎಚ್‌ನವರಾಗಲಿ ಕೇಬಲ್‌ನವರಾಗಲಿ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಕಂಪನಿ ಬದಲಾಯಿಸುವ ಮುನ್ನ ವರ್ಷಕ್ಕೊಮ್ಮೆ ಪ್ಯಾಕನ್ನು ಬಿಚ್ಚಿ ನೋಡುವುದು ಒಳ್ಳೆಯದು. ನಾವು ನೋಡುವ ಕನ್ನಡ ವಾಹಿನಿಗಳನ್ನು ಬಿಡಿಬಿಡಿಯಾಗಿ ಆಯ್ದುಕೊಂಡು, ಯಾರೂ ನೋಡದ ಕ್ರೀಡಾ ವಾಹಿನಿಗಳನ್ನು ಬಿಟ್ಟಾಗ ಸಿಕ್ಕ ಉಳಿತಾಯ, ಬೇರೆ ಕಂಪನಿಗೆ ಹೋಗಿದ್ದರೂ ಸಿಗುತ್ತಿರಲಿಲ್ಲ.

ಹಾಗೆ ಹೋಗುವುದೂ ಸುಲಭವಲ್ಲ. ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಾಗೆ ಡಿಟಿಎಚ್ ಬಾಕ್ಸನ್ನು ಒಯ್ಯಲಾಗುವುದಿಲ್ಲ. ಪ್ರತಿ ಕಂಪನಿಯ ಬಾಕ್ಸೂ ಆಯಾ ಕಂಪನಿಯ ಸಂಕೇತವನ್ನು ಮಾತ್ರ ಬಿಡಿಸುತ್ತದೆ. ಎಲ್ಲ ಕಂಪನಿಗಳಿಗೂ ಹೊಂದುವ ಬಾಕ್ಸ್ ಇರಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿದ್ದರೂ ನಾವು ಅಂಗಡಿಗೆ ಹೋಗಿ ಅಂಥದ್ದೊಂದನ್ನು ಕೊಳ್ಳುವ ಕಾಲ ಬಂದಿಲ್ಲ. ಗ್ರಾಹಕರ ದೃಷ್ಟಿಯಿಂದ ಇದು ಈ ಇಡೀ ಉದ್ಯಮದ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಟಾಟಾ ಸ್ಕೈ ಬ್ರಾಡ್‌ಬ್ಯಾಂಡ್ ಟಾಟಾ ಪ್ಲೇ ಫೈಬರ್ ಆಯಿತಲ್ಲ, ಟಿವಿ ಮತ್ತು ಇಂಟರ್ನೆಟ್ ಎರಡನ್ನೂ ಒಂದೇ ಕಡೆ ತೆಗೆದುಕೊಂಡುಬಿಡೋಣವೇ? 2021ರಲ್ಲಿ ಏರ್‌ಟೆಲ್ ಕೂಡ ಮೊಬೈಲ್, ಫೈಬರ್, ಡಿಟಿಎಚ್ ಮೂರಕ್ಕೂ ಒಂದೇ ಬಿಲ್ ಕೊಡುವ ಬ್ಲ್ಯಾಕ್ ಯೋಜನೆ ತಂದಿದ್ದರಿಂದ ಈ ಆಸೆ ಬಹಳ ಮಂದಿಯಲ್ಲಿತ್ತು. ನಾನು ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡಿದ್ದೇನೆ, ಹಾಗೆಯೇ ಇಟ್ಟುಕೊಳ್ಳಿ ಎಂದೇ ಸಲಹೆ ಕೊಡುತ್ತೇನೆ. ಉಪಗ್ರಹದಿಂದ ಡಿಶ್‌ಗೆ ಬರುವ ಕೆಯು ಬ್ಯಾಂಡ್ ರೇಡಿಯೊ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುವುದರಿಂದ ಯಾವ ಕಂಪನಿಯ ಡಿಶ್ ಆದರೂ ಜೋರು ಮಳೆಯಲ್ಲಿ ಕೆಲ ನಿಮಿಷ ಚಿತ್ರ ಕಳೆದುಕೊಳ್ಳುತ್ತದೆ. ರಸ್ತೆ ಅಗೆದಾಗ ಫೈಬರ್ ತುಂಡಾಗುತ್ತದೆ. ಎರಡರ ಸೋಲಿನ ಕಾರಣಗಳು ಬೇರೆಬೇರೆ ಆಗಿರುವವರೆಗೆ ಮನೆಯಲ್ಲಿ ಒಂದಾದರೂ ನಡೆಯುತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಲ್ ಒಂದೇ ಆದರೆ ಇಂಟರ್ನೆಟ್ಟಿನ ವಿಚಾರದಲ್ಲಿ ತಕರಾರು ಬಂದಾಗ ಟಿವಿಯನ್ನೂ ಪಣಕ್ಕಿಟ್ಟು ಮಾತಾಡಬೇಕಾಗುತ್ತದೆ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ಹಿಂದಿನ ಬ್ರಾಡ್‌ಬ್ಯಾಂಡ್ ಕಂಪನಿಯೊಂದು (ಮೇಲೆ ಹೇಳಿದ ಯಾವುದೂ ಅಲ್ಲ) ಇನ್ನೊಬ್ಬರ ಕೈಸೇರಿ ಹೆಸರು ಬದಲಾಯಿಸಿಕೊಂಡಿತು. ಟಿವಿಯಲ್ಲಿ ಕಂಡ ಸಲೀಸು ಅಲ್ಲಿ ಇರಲಿಲ್ಲ. ಹಳೆಯ ಆ್ಯಪ್ ತೆರೆಯದಾಯಿತು, ಹೊಸದರಲ್ಲಿ ನನ್ನ ಮುಂಗಡ ಹಣ ಕಾಣಲಿಲ್ಲ. ಸಂಪರ್ಕ ಬಿಟ್ಟ ಮೇಲೂ ಹಳೆಯ ಹೆಸರಿನಲ್ಲಿ ನಾನು ಕೊಟ್ಟಿದ್ದ ಸ್ವಯಂಪಾವತಿಯ ಅನುಮತಿ ಜೀವಂತವಾಗಿತ್ತು. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆಗಳ ಮೊದಲು ಸಂದೇಶ ಬರುತ್ತದೆ. ಆ ಸಂದೇಶ ಬಂದದ್ದರಿಂದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಅನುಮತಿಯನ್ನು ರದ್ದು ಮಾಡಲು ಸಾಧ್ಯವಾಯಿತು. ಕಂಪನಿಗೆ ಹೇಳಿದರೆ ಸಾಲದು, ಅನುಮತಿಯನ್ನು ಬ್ಯಾಂಕಿನ ಕಡೆಯಿಂದಲೇ ನಿಲ್ಲಿಸಬೇಕು ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ಮತ್ತು ರೂಟರ್ ಬಹುತೇಕ ಕಂಪನಿಯ ಸ್ವತ್ತೇ ಆಗಿರುತ್ತವೆ. ಅವುಗಳನ್ನು ಹಿಂದಿರುಗಿಸುವಾಗ ಕ್ರಮಸಂಖ್ಯೆ ಬರೆದ ರಸೀದಿ ಪಡೆಯದೆ ಕೊಡಬಾರದು. ಹಿಂದಿರುಗಿಸಿದ ಪೆಟ್ಟಿಗೆಯನ್ನು ಬಂದೇ ಇಲ್ಲವೆಂದು ತಿಂಗಳುಗಳ ಬಳಿಕ ವಾದಿಸಿದ ಪ್ರಕರಣ ನಮ್ಮ ಕಟ್ಟಡದಲ್ಲಿ ನಡೆದಿದೆ, ರಸೀದಿ ಇದ್ದುದರಿಂದ ಅದು ಅಲ್ಲಿಗೇ ಮುಗಿಯಿತು.

ಇಂಥ ಸಂಧಿಕಾಲದಲ್ಲಿ ಬ್ರಾಡ್‌ಬ್ಯಾಂಡ್ ಬದಲಾಯಿಸುವವರು ಹೊಸ ಸಂಪರ್ಕ ಬಂದು, ಮನೆಯ ಒಳಕೋಣೆಯಲ್ಲೂ ವೈಫೈ ಸರಿಯಾಗಿ ಸಿಗುತ್ತದೆ ಎಂದು ಖಾತ್ರಿಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು. ಒಂದು ತಿಂಗಳ ಎರಡು ಬಿಲ್ ಕಟ್ಟುವುದು ನಷ್ಟವೆನಿಸಿದರೂ ಮಕ್ಕಳ ಪರೀಕ್ಷೆ, ಮನೆಯಿಂದಲೇ ಕೆಲಸ ಇರುವಲ್ಲಿ ಆ ಹಣ ಸಾರ್ಥಕ. ಆರು ತಿಂಗಳ ಅಥವಾ ವರ್ಷದ ಮುಂಗಡ ಕೊಟ್ಟರೆ ಸಿಗುವ ರಿಯಾಯಿತಿಯನ್ನು ಹೆಸರು ಬದಲಾಗುತ್ತಿರುವ ಕಂಪನಿಯಲ್ಲಿ ನಾನಂತೂ ಪಡೆಯಲಾರೆ. ಮೊದಲು ತಿಂಗಳಿಗೊಮ್ಮೆ ಕಟ್ಟಿ ನೋಡುತ್ತೇನೆ. ಅನಿಯಮಿತ ಎಂದು ಬರೆದಿದ್ದರೂ ಎಷ್ಟು ಜಿಬಿ ಬಳಸಿದ ಮೇಲೆ ವೇಗ ಇಳಿಯುತ್ತದೆ ಎಂದು ಬರಹದಲ್ಲೇ ಕೇಳಿ ಪಡೆಯಬೇಕು, ಅನೇಕ ಯೋಜನೆಗಳಲ್ಲಿ ಆ ಮಿತಿ ತಿಂಗಳಿಗೆ 3,300 ಜಿಬಿ.

ದೂರು ಕೊಡುವ ದಾರಿಯೂ ಎರಡಕ್ಕೂ ಬೇರೆ. ಬ್ರಾಡ್‌ಬ್ಯಾಂಡ್‌ನಲ್ಲಿ ದೂರಿನ ಸಂಖ್ಯೆ ಪಡೆದು, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಅವರು 39 ದಿನಗಳೊಳಗೆ ತೀರ್ಮಾನಿಸಬೇಕೆಂದು ಟ್ರಾಯ್ ವಿಧಿಸಿದೆ. ಡಿಟಿಎಚ್‌ನಲ್ಲಿ ದೂರು ನೋಡಿಕೊಳ್ಳಲು ಕಂಪನಿ ನೇಮಿಸಿದ ನೋಡಲ್ ಅಧಿಕಾರಿಗೆ ಬರೆಯಬೇಕು. ಎರಡಕ್ಕೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ. ದೂರು ಕೊಡುವಾಗ ಹಳೆಯ ಮತ್ತು ಹೊಸ ಹೆಸರು ಎರಡನ್ನೂ ನಮೂದಿಸಿ, ಹಳೆಯ ಹೆಸರಿನ ಬಿಲ್ಲುಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಿ.

ಟಿವಿ ಸೇವೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಬಾಕ್ಸಿನ ಬಂಧನಕ್ಕಾಗಿ, ಅದು ಬೇರೆ ಡಿಟಿಎಚ್‌ಗಳಿಗೂ ಅನ್ವಯಿಸುತ್ತದೆ. ಚಂದನ ವಾಹಿನಿ ಮತ್ತು ಸುದ್ದಿಯಷ್ಟೇ ಸಾಕು ಎನ್ನುವವರು ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಬಹುದು. ಹಣ ಕೊಟ್ಟು ನೋಡುವ ಕನ್ನಡದ ದೊಡ್ಡ ಧಾರಾವಾಹಿ ವಾಹಿನಿಗಳು ಅದರಲ್ಲಿ ಬರುವುದಿಲ್ಲವೆಂದು ಮೊದಲೇ ಮನೆಯವರಿಗೆ ತಿಳಿಸಿರಿ.