ಟಿಳಕವಾಡಿಯ ಟ್ರಾವೆಲ್ಸ್ ಕಚೇರಿ: ಲಂಡನ್–ಪ್ಯಾರಿಸ್ ಪ್ರಯಾಣದ ಸಲಹೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಟ್ರಾವೆಲ್ಸ್ ಕಚೇರಿಯವರು ಟಿಕೆಟ್ ಮಾರುವ ಆತುರ ತೋರದೆ, ಮೊದಲು ನಕಾಶೆ ಬಿಡಿಸಿ ಲೆಕ್ಕ ತಿಳಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಲಂಡನ್ನಿನಿಂದ ಪ್ಯಾರಿಸ್ಸಿಗೆ ನೇರ ಅಂತರ ಸುಮಾರು 344 ಕಿ.ಮೀ.; ವಿಮಾನಕ್ಕೆ ಹೆಚ್ಚುಕಡಿಮೆ ಒಂದೂಕಾಲು ತಾಸು ಹಿಡಿಯುತ್ತದೆ. ಆದರೆ ಪ್ಯಾರಿಸ್ಸಿನ ಗಡಿಯಾರ ಒಂದು ತಾಸು ಮುಂದಿರುವುದರಿಂದ, ಬೆಳಿಗ್ಗೆ 9ಕ್ಕೆ ಹೊರಟ ವಿಮಾನ ಟಿಕೆಟ್ಟಿನಲ್ಲಿ 11.15ಕ್ಕೆ ತಲುಪುವಂತೆ ಕಾಣುತ್ತದೆ ಎಂಬುದನ್ನು ನಮ್ಮ ತಾಯಿಯವರಿಗೂ ಅರ್ಥವಾಗುವಂತೆ ಹಾಳೆಯ ಮೇಲೆ ಬರೆದು ತೋರಿಸಿದರು. ವಿಮಾನ ನಿಲ್ದಾಣಗಳು ಊರ ಹೊರಗಿದ್ದು, ತಪಾಸಣೆಗೆಂದು ಬಹಳ ಮೊದಲೇ ಹೋಗಬೇಕಾದ್ದರಿಂದ, ಸಮುದ್ರದಡಿಯ ಸುರಂಗದಲ್ಲಿ 1994ರಿಂದ ಓಡುತ್ತಿರುವ ಯೂರೋಸ್ಟಾರ್ ರೈಲೇ ವಯಸ್ಸಾದವರಿಗೆ ಲೇಸೆಂದರು. ಅದು ನಗರದ ನಡುವಿನಿಂದ ನಗರದ ನಡುವಿಗೇ ಸುಮಾರು 2 ತಾಸು 20 ನಿಮಿಷದಲ್ಲಿ ಮುಟ್ಟಿಸುತ್ತದೆ. ಸೇವಾ ಶುಲ್ಕ ತುಸು ಹೆಚ್ಚೆನಿಸಿದರೂ, ಇಂಥ ಪ್ರಾಮಾಣಿಕ ಸಲಹೆಗೆ ಅದು ತಕ್ಕುದೇ ಆಗಿದೆ.